ಪಲ್ಲಕ್ಕಿಗೆ ಕಟ್ಟಿದ ಗಂಟೆ

ಘಟ್ಟದ ಆ ಕಣಿವೆಯೊಳಗೆ ಉಪ್ಪು ಹೇರಿದ ಎತ್ತು ಹೊಕ್ಕರೆ ತಿರುಗಲು ಜಾಗವಿಲ್ಲ. ಉಪ್ಪು ಮಾರುವ ಸೋಮ್ಲಿಯ ಎತ್ತುಗಳ ಸಾಲು ನಡುದಾರಿಯಲ್ಲಿದ್ದಾಗಲೇ ಎದುರಿಗೆ ಹೊಸ ಸುಬೇದಾರರ ಪಲ್ಲಕ್ಕಿ ಬರಬೇಕೆ!

“ನನ್ನ ಮುಂದೆ ಯಾರೂ ಹೋಗಕೂಡದು! ಹೋದರೆ ಎತ್ತುಗಳೆಲ್ಲ ಜಪ್ತಿ!”

ಸೋಮ್ಲಿ ಕೈಮುಗಿದಳು. “ಉಂಟೇ ಧಣಿ? ತಾವೇ ಮುಂದೆ ನಡೀರಿ. ಮುಂದೆ ನಡೆಯೋರಿಗೆ ನಮ್ಮಲ್ಲಿ ಗಂಟೆ ಮರ್ಯಾದೆ.”

ಮುಂದಿನೆತ್ತಿನ ಕೊರಳಗಂಟೆ ಬಿಚ್ಚಿ ಪಲ್ಲಕ್ಕಿಗೆ ಕಟ್ಟಿದಳು. ಸುಬೇದಾರರು ಮೀಸೆ ತಿರುವಿದರು.

ಗಂಟೆ ಅಲುಗಿದ್ದೇ ತಡ, ಅದರ ಹಿಂದೆಯೇ ನಡೆದು ಬೆಳೆದ ಎತ್ತುಗಳು ಪಲ್ಲಕ್ಕಿಯತ್ತ ನುಗ್ಗಿದವು. ಹೊತ್ತವರು ಪಲ್ಲಕ್ಕಿ ತಿರುಗಿಸಲು ಜಾಗವಿಲ್ಲದೆ ತಾವಷ್ಟೇ ನಿಂತಲ್ಲೇ ತಿರುಗಿ, ಬಂದ ದಾರಿಗೇ ಓಟ ಕಿತ್ತರು. ಅಪ್ಪಣೆಯಂತೆ ಸುಬೇದಾರರೇ ಎಲ್ಲರಿಗಿಂತ ಮುಂದಿದ್ದರು. ಮುಖ ಮಾತ್ರ ಹಿಂದಕ್ಕಿತ್ತು.

ಕಣಿವೆಯ ಬಾಯಲ್ಲಿ, ಗಂಟೆ ಕೇಳಿ ಉಪ್ಪಿಗೆಂದು ಓಡಿಬಂದ ಹೆಂಗಸರು ಪಲ್ಲಕ್ಕಿಯೊಳಗೆ ಇಣುಕಿದರು.

“ಅಲ್ವೇ ಸೋಮ್ಲಿ, ಈ ಸಲ ಮುಂದಿನೆತ್ತಿಗೆ ಪಲ್ಲಕ್ಕಿ ಬೇರೆ ಮಾಡಿಸಿದ್ದೀಯಲ್ಲೇ!”