ಮರಳುಗಾಡಿನ ಬಾನಿಗೆ ಒಂದೇ ಗಿಡುಗ

ಮರಳು ಇನ್ನೂ ಹೊಸದಾಗಿತ್ತು. ಅದರ ಮೇಲೆ ಅಲೆ ಅಲೆಯಾಗಿ ಗೆರೆ ಎಳೆಯುವುದು ಗಾಳಿಗೂ ಬರುತ್ತಿರಲಿಲ್ಲ. ಆಗಿನ ಮಾತು ಇದು, ಮಗಾ.

ಆಗ ಮರಳುಗಾಡಿನ ಬಾನ ತುಂಬ ಗಿಡುಗಗಳೇ. ಒಂದಲ್ಲ, ಹತ್ತಲ್ಲ, ನೂರಾರು. ಅವಕ್ಕೆಲ್ಲ ಹಿರಿಯಕ್ಕ ಕೆಂಗರಿ. ಕೆಳಗೆ ಹುಲ್ಲು, ಹುಲ್ಲಿನಲ್ಲಿ ಮಿಡತೆ, ಮಿಡತೆಯ ಹಿಂದೆ ಓತಿಕ್ಯಾತ. ಗಿಡುಗಗಳು ಎರಗಿ ಎರಗಿ ಓತಿಕ್ಯಾತಗಳನ್ನು ತಿಂದವು. ಬಯಲಿನಲ್ಲಿ ಒಂದನ್ನೂ ಬಿಡಲಿಲ್ಲ.

ಹಿಡಿಯುವವರಿಲ್ಲದೆ ಮಿಡತೆಗಳು ಮೋಡದ ಹಾಗೆ ಎದ್ದವು. ಹುಲ್ಲನ್ನೆಲ್ಲ ಬುಡದವರೆಗೂ ಮೇಯ್ದವು. ಆಮೇಲೆ ಅವೂ ಹಸಿದು ಸತ್ತವು. ಬರೀ ಮರಳು ಉಳಿಯಿತು.

ಕೆಂಗರಿಯ ಗೂಡಿನಲ್ಲಿ ಮೂರು ಮರಿಗಳು. ಎರಡು ಮರಿಗಳು ಬಾಯಿ ತೆರೆಯುವುದನ್ನೇ ನಿಲ್ಲಿಸಿ ತಣ್ಣಗಾದವು. ಮೂರನೆಯದಿನ್ನೂ ಸಣ್ಣಗೆ ಕೂಗುತ್ತಿತ್ತು.

ಕೆಂಗರಿ ದಿನವಿಡೀ ಹಾರಿದಳು. ದೂರದಲ್ಲಿ ಆಡು ಕಾಯುವ ಝಮಕು ಅಜ್ಜಿ ಕಂಡಳು. ಗಾಳಿಗೆ ಬೆನ್ನು ಕೊಟ್ಟು, ಕೊನೆಯ ಒಂದು ಹಿಡಿ ಹುಲ್ಲನ್ನು ತನ್ನ ಆಡುಗಳ ಬಾಯಿಗೂ ಬೀಳದಂತೆ ಕಾಯುತ್ತ ಕೂತಿದ್ದಳು.

"ಅಜ್ಜೀ, ಒಂದೇ ಒಂದು ಓತಿಕ್ಯಾತ ಎಲ್ಲಿದೆ ಹೇಳು. ನನ್ನ ಮರಿ ಸಾಯ್ತಾ ಇದೆ."

"ನನಗೇನು ಗೊತ್ತು ತಾಯಿ? ಈ ಹುಲ್ಲನ್ನು ಕೇಳು."

"ಹುಲ್ಲನ್ನೇ? ನಾನೇನು ಹುಲ್ಲು ತಿನ್ನುವವಳೇ?"

ಆಗ ಹುಲ್ಲು ಮೆಲ್ಲಗೆ ಹೇಳಿತು, "ನೀನು ತಿಂದಿದ್ದೆಲ್ಲ ನನ್ನನ್ನೇ, ಕೆಂಗರಿ. ಬಿಸಿಲನ್ನು ಊಟವಾಗಿ ಬೇಯಿಸಲು ಇಲ್ಲಿ ಬರುವುದು ನನಗೊಬ್ಬಳಿಗೇ. ಬೇಯಿಸಿದ್ದರಲ್ಲಿ ಹೆಚ್ಚಿನದು ನಾನು ಬದುಕುವುದಕ್ಕೇ ಬೇಕು. ಮಿಡತೆಗೆ ಸಿಗುವುದು ಒಂದು ಹಿಡಿ. ಅದು ನೆಗೆದೂ ನೆಗೆದೂ ಖರ್ಚು ಮಾಡಿ, ಓತಿಕ್ಯಾತಕ್ಕೆ ಒಂದು ಚಿಟಿಕೆ. ಅದು ಸುಡುವ ಮರಳಿನಲ್ಲಿ ಓಡಿ, ಕೊನೆಗೆ ನಿನಗೆ ಒಂದು ಕಾಳು. ನಿನ್ನ ಒಂದು ಮರಿ ಬೆಳೆಯಬೇಕಾದರೆ ಇಡೀ ಬಯಲು ಹಸಿರಾಗಿ ನಿಲ್ಲಬೇಕು."

ಕೆಂಗರಿ ಬಯಲು ನೋಡಿದಳು. ಬಾನು ನೋಡಿದಳು. ಇಷ್ಟು ದೊಡ್ಡ ರೆಕ್ಕೆಗಳನ್ನು ಇಷ್ಟು ತೆಳ್ಳಗಿನ ಎಸಳು ಹೊತ್ತಿತ್ತೇ! ಕೊಕ್ಕು ಮರಳಿಗೆ ತಾಗುವಂತೆ ತಲೆ ಬಾಗಿಸಿದಳು.

ಅವಳು ಗಿಡುಗಗಳನ್ನೆಲ್ಲ ಕರೆದಳು. "ಇಷ್ಟೊಂದು ಜನರನ್ನು ಈ ನೆಲ ಹೊರಲಾರದು. ದೂರ ದೂರ ಹೋಗಿ. ಒಬ್ಬರ ಬಾನಿಗೆ ಇನ್ನೊಬ್ಬರು ಬರಬೇಡಿ."

"ನಿನ್ನನ್ನು ಬಿಟ್ಟಾ, ಅಕ್ಕಾ?" ಎಂದಳು ಕೊನೆಯ ತಂಗಿ.

"ನನ್ನನ್ನೂ ಬಿಟ್ಟು."

ಅವರು ಹೋದರು. ಅಷ್ಟು ದೊಡ್ಡ ಬಾನು ಖಾಲಿಯಾಯಿತು. ಝಮಕು ಅಜ್ಜಿಯೂ ಆಡುಗಳನ್ನು ಹೊಡೆದುಕೊಂಡು ಬೇರೆ ಕಡೆ ನಡೆದಳು. ಕೆಂಗರಿ ದೂರದ ಬಂಡೆಗಳ ಸಂದಿನಿಂದ ಹುಳುಹುಪ್ಪಟೆ ಹೆಕ್ಕಿ ತಂದು ಮರಿಯ ಜೀವ ಉಳಿಸಿದಳು.

ಒಂದು ಮಳೆ ಬಿತ್ತು. ಗಾಳಿ ಆ ಹಿಡಿ ಹುಲ್ಲಿನ ಬೀಜವನ್ನು ಬಯಲಿಗೆಲ್ಲ ಎರಚಿತು. ಮೊದಲು ಹುಲ್ಲು ಬಂತು. ಆಮೇಲೆ ಮರಳಿನಡಿ ಉಳಿದಿದ್ದ ಮೊಟ್ಟೆಗಳಿಂದ ಮಿಡತೆ. ಆಮೇಲೆ ಬಂಡೆಗಳಾಚೆ ಎಲ್ಲೋ ಅಡಗಿ ಉಳಿದಿದ್ದ ಓತಿಕ್ಯಾತ. ಎಲ್ಲ ಬಂದ ಮೇಲೆ, ಎಲ್ಲರಿಗಿಂತ ಕೊನೆಗೆ, ಕೆಂಗರಿ ಮತ್ತೆ ಮೊಟ್ಟೆ ಇಟ್ಟಳು. ಎರಡೇ ಎರಡು.

ಅದಕ್ಕೇ ಮಗಾ, ಇಂದಿಗೂ ಮರಳುಗಾಡಿನಲ್ಲಿ ಕಾಲ ಕೆಳಗೆ ಎಣಿಸಲಾರದಷ್ಟು ಹುಲ್ಲೆಸಳು ಕಾಣುತ್ತವೆ, ತಲೆಯೆತ್ತಿದರೆ ಅಷ್ಟಗಲದ ಬಾನಿನಲ್ಲಿ ಒಂದೇ ಒಂದು ಗಿಡುಗ ಸುತ್ತುತ್ತಿರುತ್ತದೆ.