ಮಧ್ಯಾಹ್ನದ ಅರುಂಧತಿ

ವೈಶಾಖದ ಮಧ್ಯಾಹ್ನ ಒಂದು ಮದುವೆಯಲ್ಲಿ ಪುರೋಹಿತರು ಆಕಾಶಕ್ಕೆ ಬೆರಳು ತೋರಿಸಿ, “ಅರುಂಧತಿ ನಕ್ಷತ್ರ ಕಂಡಿತೇ?” ಎಂದು ಕೇಳಿದರು. ಮದುಮಗ ಕಂಡಿತು ಎಂದ. ಮುನ್ನೂರು ನೆಂಟರೂ ಕಂಡಿತು ಎಂದರು. ಮದುಮಗಳು ಕಸ್ತೂರಿ ಮಾತ್ರ, “ನನಗೆ ಕಾಣಲಿಲ್ಲ ಸ್ವಾಮಿ” ಎಂದಳು.

“ಕಂಡಿತು ಅನ್ನೇ, ಊಟಕ್ಕೆ ಹೊತ್ತಾಯಿತು,” ಎಂದು ಅತ್ತೆ ಗದರಿದರು. ಕಸ್ತೂರಿ ಅನ್ನಲಿಲ್ಲ.

ಮೇಲೆ ಆಕಾಶದಲ್ಲಿ ಸೂರ್ಯ ನಕ್ಕ. “ಅರುಂಧತಿ, ಆ ಹುಡುಗಿ ನಿನ್ನ ಮಾನ ಕಳೆದಳು.”

“ಕಳೆದವಳು ಅವಳಲ್ಲ, ಉಳಿದವರು,” ಎಂದಿತು ಅರುಂಧತಿ ನಕ್ಷತ್ರ. “ನಾನೀಗ ಭೂಮಿಯ ಆಚೆ ಬದಿಯಲ್ಲಿ, ಅವರ ಕಾಲಡಿಗೆ ಇದ್ದೇನೆ. ಮೇಲೆ ಅವರು ಕಂಡದ್ದೇನು?”

“ಮಿಣುಕು ಚುಕ್ಕಿಗೆ ಇಷ್ಟು ಜಂಬವೇ? ತಲೆಯಾಡಿಸುವ ಭಕ್ತರಾದರೂ ಇರಲಿ ಬಿಡು.”

“ನಿನಗಿಂತ ಹತ್ತು ಪಟ್ಟಿಗೂ ಹೆಚ್ಚು ಬೆಳಗುತ್ತೇನೆ, ಸೂರ್ಯ. ಎಂಬತ್ತು ಜ್ಯೋತಿರ್ವರ್ಷ ದೂರದಲ್ಲಿದ್ದೇನೆ, ಅಷ್ಟೇ. ನನಗೆ ಭಕ್ತರು ಬೇಡ, ಹುಡುಕುವ ಒಂದು ಜೊತೆ ಕಣ್ಣು ಸಾಕು.”

ಸೂರ್ಯ ಮುಳುಗಿದ. ಕಸ್ತೂರಿ ಛತ್ರದ ಮಹಡಿ ಹತ್ತಿ, ಸಪ್ತರ್ಷಿಗಳ ಸಾಲಿನಲ್ಲಿ ವಸಿಷ್ಠನನ್ನು ಗುರುತಿಸಿ, ಕಣ್ಣು ಕಿರಿದು ಮಾಡಿ ನೋಡಿದಳು. ಅವನ ಪಕ್ಕದಲ್ಲೇ ಸಣ್ಣ ಬಿಳಿ ಚುಕ್ಕಿ ಇತ್ತು.

“ಅತ್ತೆ, ಈಗ ಕಂಡಿತು. ಎಲ್ಲರೂ ಬನ್ನಿ, ತೋರಿಸುತ್ತೇನೆ,” ಎಂದು ಕೂಗಿದಳು.

ಯಾರೂ ಬರಲಿಲ್ಲ. ಅವರೆಲ್ಲ ಮಧ್ಯಾಹ್ನವೇ ಕಂಡಿದ್ದರಲ್ಲ.