ಅಳಿಲು ಹೂತಿಟ್ಟ ಸಂಬಳ

ಬೇರೆಯವರ ಅಕ್ರೋಟುಗಳನ್ನು ಹೂತಿಟ್ಟು ಕಾಯುವುದರಲ್ಲಿ ಪ್ಯಾರಿಸ್ಸಿನ ಅಳಿಲೊಂದು ಎತ್ತಿದ ಕೈ. ಅದಕ್ಕೆ ಜ್ಯೂರಿಕ್‌ನಿಂದಲೂ ಲಿಸ್ಬನ್‌ನಿಂದಲೂ ಒಂದೇ ದಿನ ಕೆಲಸದ ಕರೆ ಬಂತು. ಸಂಜೆಯೊಳಗೆ ಉತ್ತರ ಹೇಳಬೇಕು. ಎರಡೂ ಊರಲ್ಲಿ ಗೂಡು ಕಟ್ಟಿ ಬಾಳಿದ್ದ ಕೊಕ್ಕರೆಯ ಬಳಿಗೆ ಅದು ಓಡಿತು.

“ಕೊಕ್ಕರೆಯಮ್ಮ, ಜ್ಯೂರಿಕ್‌ನಲ್ಲಿ ಗೋಣಿಗಟ್ಟಲೆ ಅಕ್ರೋಟು ಸಂಬಳ. ಲಿಸ್ಬನ್‌ನಲ್ಲಿ ಬರೀ ಒಂದು ಬುಟ್ಟಿ, ಜೊತೆಗೆ ಬಿಸಿಲು, ಕಡಲು. ಗೋಣಿಯೇ ದೊಡ್ಡದಲ್ಲವೇ?”

“ದೊಡ್ಡದೇ. ಇಷ್ಟು ವರ್ಷದ ನಿನ್ನ ಸಂಬಳವನ್ನು ತಿಂದೆಯಾ?”

“ಹೂತಿಟ್ಟೆ. ಬೇರೆಯವರದ್ದನ್ನು ಕಾಯುವ ಗಡಿಬಿಡಿಯಲ್ಲಿ ನನ್ನದನ್ನು ಎಲ್ಲಿ ಹೂತೆನೋ ಮರೆತೇಬಿಟ್ಟೆ. ನೋಡು, ಈ ತೋಪೆಲ್ಲ ನನ್ನ ಸಂಬಳವೇ ಮೊಳೆತು ಮರವಾದದ್ದು!”

“ಹೋಗಲಿ, ಆ ನೆರಳಲ್ಲಾದರೂ ಕೂತೆಯಾ?”

“ಪುರುಸೊತ್ತೆಲ್ಲಿದೆ, ತಾಯಿ?” ಎಂದ ಅಳಿಲಿಗೆ ತನ್ನ ಮಾತು ತನಗೇ ಕೇಳಿಸಿತು. ಅಷ್ಟರಲ್ಲಾಗಲೇ ಅದರ ಕೈ, ಅಭ್ಯಾಸಬಲದಿಂದ, ಒಂದು ಅಕ್ರೋಟಿಗೆ ಗುಂಡಿ ತೋಡುತ್ತಿತ್ತು. ತೋಡುವುದನ್ನು ಬಿಟ್ಟು, ಕಾಯನ್ನು ಕಟಕ್ಕನೆ ಒಡೆದು, ಬಾಯಿ ತುಂಬಿಕೊಂಡೇ ಅದು ಕೇಳಿತು: “ಲಿಸ್ಬನ್‌ಗೆ ದಾರಿ ಯಾವ ಕಡೆ?”

“ಮೊದಲು ಬಾಯಲ್ಲಿರುವುದನ್ನು ನಿಧಾನವಾಗಿ ತಿನ್ನು,” ಎಂದು ಕೊಕ್ಕರೆ ನಕ್ಕಿತು. “ದಾರಿ ಅಲ್ಲಿಂದಲೇ ಶುರು.”